ಟರ್ಬೊ ಕೊನೆಗಿರಲಿ

(ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಮನೆಯ ಗ್ಯಾರೇಜು. ಒಳಗೆ ನಿಂತಿರುವುದು 1994ರ ಮಾಜ್ಡಾ ಮಿಯಾಟಾ. ಅದನ್ನು ಕೊಂಡವಳು ಸಾಫ್ಟ್‌ವೇರ್ ಕೆಲಸದವಳು. ಜೊತೆಗಿರುವವರು ಅವಳ ಚಿಕ್ಕಪ್ಪ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಬಹುಕಾಲ ಗ್ಯಾರೇಜು ನಡೆಸಿ, ಈಗ ಬೀಗ ಹಾಕಿ, ಮಗನ ಮನೆಗೆಂದು ಅಮೆರಿಕಕ್ಕೆ ಬಂದಿದ್ದಾರೆ.)

ಅವಳು: ಪಟ್ಟಿ ಓದ್ತೀನಿ. ಪೂರ್ತಿ ಕೇಳಿಸ್ಕೊಂಡು ಆಮೇಲೆ ಬೈಯಿರಿ. ಟರ್ಬೊ ಕಿಟ್. ಕಾಯಿಲ್‌ಓವರ್ ಸಸ್ಪೆನ್ಷನ್. ಹದಿನೇಳು ಇಂಚಿನ ಚಕ್ರ. ದೊಡ್ಡ ಬ್ರೇಕು. ಸ್ಟೀಲ್ ಸೈಲೆನ್ಸರ್. ಬಕೆಟ್ ಸೀಟು. ಐದು ಸಾವಿರ ಡಾಲರ್ ಎತ್ತಿಟ್ಟಿದ್ದೀನಿ. ಯಾವುದರಿಂದ ಶುರು ಮಾಡಲಿ?

ಚಿಕ್ಕಪ್ಪ: ಬಾನೆಟ್ ಎತ್ತು.

ಅವಳು: ಅಂದ್ರೆ ಟರ್ಬೊನೇ ಮೊದಲು!

ಚಿಕ್ಕಪ್ಪ: ಎತ್ತಮ್ಮ ಸುಮ್ನೆ. ಇಲ್ಲಿ ನೋಡು. ರೇಡಿಯೇಟರ್ ಮೇಲ್ಗಡೆಯ ಈ ಟ್ಯಾಂಕು ಪ್ಲಾಸ್ಟಿಕ್ಕಿನದು. ಹೊಸದರಲ್ಲಿ ಕರ್ರಗಿರುತ್ತೆ. ಈಗೇನು ಬಣ್ಣ?

ಅವಳು: ಕಂದು. ಅಂಚಿನಲ್ಲಿ ಸ್ವಲ್ಪ ಹಸಿರಿಗೆ ತಿರುಗಿದೆ.

ಚಿಕ್ಕಪ್ಪ: ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ಕು ಹೀಗೇ ಆಗೋದು. ಪೆಡಸಾಗಿಬಿಟ್ಟಿದೆ. ಒಂದಿನ ಬೇಸಿಗೇಲಿ, ಹೈವೇ ಮೇಲೆ, ಹೇಳದೆ ಕೇಳದೆ ಉದ್ದಕ್ಕೆ ಸೀಳುತ್ತೆ. ನೀರೆಲ್ಲ ಹೋದ ಮೇಲೂ ನೀನು ಗೊತ್ತಾಗದೆ ಓಡಿಸ್ತಾ ಹೋದರೆ ಹೆಡ್ಡು ಬೆಂಡು, ಗ್ಯಾಸ್ಕೆಟ್ ಸುಟ್ಟು ಹೋಗುತ್ತೆ. ಇಂಥ ಟ್ಯಾಂಕಿನ ಮೇಲೆ ಟರ್ಬೊದ ಶಾಖ ಬೇರೆ ಹೇರಬೇಕು ಅಂತೀಯಲ್ಲ.

ಅವಳು: ರೇಡಿಯೇಟರ್ ಬದಲಾಯಿಸೋದು ರಿಪೇರಿ ಚಿಕ್ಕಪ್ಪ. ನಾನು ಕೇಳಿದ್ದು ಅಪ್‌ಗ್ರೇಡು.

ಚಿಕ್ಕಪ್ಪ: ಮೂವತ್ತು ವರ್ಷ ದಾಟಿದ ಗಾಡಿಗೆ ಮೊದಲನೇ ಅಪ್‌ಗ್ರೇಡು ಅಂದ್ರೆ ರಿಪೇರಿನೇ. ನೀನು ಈ ಕಾರನ್ನ ಅದು ಹೊಸದಾಗಿದ್ದಾಗ ಓಡಿಸಿಲ್ಲ. ನೀನು ಓಡಿಸ್ತಿರೋದು ಬುಷ್ಷು ಸವೆದು, ಶಾಕ್ ಅಬ್ಸಾರ್ಬರ್ ಸತ್ತು, ಟೈರು ಒಣಗಿದ ಗಾಡಿಯನ್ನ. ಮಾಜ್ಡಾದವರು ಕಟ್ಟಿದ್ದೇ ಇಷ್ಟು ಅಂದ್ಕೊಂಡು, ಅವರನ್ನ ತಿದ್ದೋಕೆ ಪಟ್ಟಿ ಬರೆದಿದ್ದೀಯ.

ಅವಳು: ಟೈರು ಚೆನ್ನಾಗೇ ಇದೆ. ಗುಂಡಿ ನೋಡಿ ಎಷ್ಟು ಆಳ ಇದೆ! ಮಾರಿದವನು ಅದನ್ನೇ ಮುಂದಿಟ್ಟು ಇನ್ನೂರು ಡಾಲರ್ ಏರಿಸಿದ್ದ.

ಚಿಕ್ಕಪ್ಪ: ಕೂತ್ಕೋ ಇಲ್ಲಿ. ಪಕ್ಕದ ಗೋಡೆ ಮೇಲೆ ‘ಡಾಟ್’ ಅಂತ ಶುರುವಾಗೋ ಸಾಲು ಇದೆಯಲ್ಲ, ಅದರ ಕೊನೇಲಿ ನಾಲ್ಕು ಅಂಕಿ. ಓದು.

ಅವಳು: 3113.

ಚಿಕ್ಕಪ್ಪ: 2013ನೇ ಇಸವಿಯ 31ನೇ ವಾರದಲ್ಲಿ ಮಾಡಿದ ಟೈರು. ಹಿಂದಿನವನು ಓಡಿಸದೆ ನಿಲ್ಲಿಸಿದ್ದ, ಅದಕ್ಕೇ ಗುಂಡಿ ಸವೆದಿಲ್ಲ. ಉಗುರು ಒತ್ತು. ಗುರುತು ಬೀಳುತ್ತಾ? ಇಲ್ಲ. ರಬ್ಬರು ಕಲ್ಲಾಗಿದೆ. ಗುಂಡಿ ಇರೋದು ನೀರು ಹೊರಗೆ ಹಾಕೋಕೆ. ರಸ್ತೆ ಹಿಡಿಯೋದು ರಬ್ಬರು.

ಅವಳು: ಸರಿ, ಟೈರು ಒಪ್ಪಿದೆ. ಹೇಗಿದ್ರೂ ಹದಿನೇಳು ಇಂಚಿನ ಚಕ್ರ ತಗೊಳ್ಳೋವಾಗ ಹೊಸ ಟೈರೇ ಬರುತ್ತೆ.

ಚಿಕ್ಕಪ್ಪ: ಯಾಕೆ ಹದಿನೇಳು? ನಿನ್ನ ಮ್ಯಾನ್ಯುಯಲ್ ಓದಿದೆ. ಇದಕ್ಕೆ ಕೊಟ್ಟಿರೋದು 185/60, ಹದಿನಾಲ್ಕು ಇಂಚು. ಆ ಮೂಲ ಅಲಾಯ್ ಚಕ್ರವನ್ನ ಎತ್ತಿ ನೋಡಿದ್ದೀಯಾ? ಒಂದು ಕೈಯಲ್ಲಿ ಬರುತ್ತೆ, ಅಷ್ಟು ಹಗುರ. ಹದಿನೇಳರದ್ದು ಹಾಕಿದ್ರೆ ಚಕ್ರ ಭಾರ, ಟೈರೂ ಭಾರ. ಆ ಭಾರ ಸ್ಪ್ರಿಂಗಿನ ಕೆಳಗೆ ಕೂತಿರುತ್ತೆ. ರಸ್ತೆಯ ಪ್ರತಿ ಉಬ್ಬಿಗೂ ಶಾಕ್ ಅಬ್ಸಾರ್ಬರ್ ಅದನ್ನ ಹಿಡಿದು ನಿಲ್ಲಿಸಬೇಕು. ಪಿಕಪ್ಪಿಗೂ ಹೊಡೆತ, ಬ್ರೇಕಿಗೂ ಹೊಡೆತ. ದುಡ್ಡು ಕೊಟ್ಟು ಗಾಡಿಯನ್ನ ನಿಧಾನ ಮಾಡ್ಕೊಂಡ ಹಾಗೆ. ಹದಿನಾಲ್ಕರಲ್ಲಿ ಒಳ್ಳೇ ಟೈರು ಸಿಗೋದು ಕಷ್ಟ ಅಂದ್ರೆ ಹದಿನೈದಕ್ಕೆ ಹೋಗು, ಹಗುರವಾದ್ದು ನೋಡ್ಕೊಂಡು.

ಅವಳು: ನೋಡೋಕೆ ಚೆನ್ನಾಗಿರುತ್ತೆ ಅಂತ ಅಷ್ಟೇ.

ಚಿಕ್ಕಪ್ಪ: ಹಾಗಂತ ಹೇಳು. ಅದು ತಪ್ಪಲ್ಲ. ಆದ್ರೆ ಅಂದಕ್ಕೆ ಕೊಟ್ಟ ದುಡ್ಡನ್ನ ವೇಗದ ಲೆಕ್ಕದಲ್ಲಿ ಬರೀಬೇಡ. ಈಗ ಕಾರು ಒಂಚೂರು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸ್ತೀನಿ, ಬಾಗಿಲ ಕೆಳಗೆ ಕಿವಿ ಕೊಡು.

ಅವಳು: ಏನೋ ತುಳುಕಿದ ಹಾಗಿದೆ!

ಚಿಕ್ಕಪ್ಪ: ನೀರು. ಮೇಲ್ಛಾವಣಿಯ ಬಟ್ಟೆ ಮೇಲೆ ಬಿದ್ದ ಮಳೆ ಸೀಟಿನ ಹಿಂದಿರೋ ಎರಡು ತೂತಿನಿಂದ ಇಳಿದು ಕೆಳಗೆ ಹೋಗಬೇಕು. ಎಲೆ, ಕಸ ಸೇರಿ ತೂತು ಕಟ್ಟಿದೆ. ನೀರು ಉಕ್ಕಿ ಬಾಗಿಲ ಕೆಳಗಿನ ಪೆಟ್ಟಿಗೆ ಸೇರಿದೆ. ಒಳಗಿಂದ ತುಕ್ಕು ತಿನ್ನುತ್ತೆ. ಇಂಥ ತೆರೆದ ಗಾಡಿಗೆ ಮೇಲೆ ತಗಡಿಲ್ಲ, ಬಿಗಿಯೆಲ್ಲ ಬರೋದು ಆ ಪೆಟ್ಟಿಗೆಯಿಂದಲೇ. ಅದು ಕೊಳೆತ ಮೇಲೆ ಎಂಥ ಸಸ್ಪೆನ್ಷನ್ ಹಾಕಿದ್ರೂ ಬಾಡಿನೇ ತಿರುಚಿಕೊಳ್ಳುತ್ತೆ. ಒಂದು ಪ್ಲಾಸ್ಟಿಕ್ ಕೇಬಲ್ ಟೈ ತಗೊಂಡು ನಿಧಾನಕ್ಕೆ ತೂರಿಸು, ಕಸ ಬರುತ್ತೆ. ಪಟ್ಟಿಯಲ್ಲಿ ಇದನ್ನ ಮೊದಲು ಬರಿ. ಖರ್ಚು ಸೊನ್ನೆ.

ಅವಳು: ಟೈಮಿಂಗ್ ಬೆಲ್ಟು?

ಚಿಕ್ಕಪ್ಪ: ಬದಲಾಯಿಸಿದ ದಾಖಲೆ ಇದೆಯಾ?

ಅವಳು: ಇಲ್ಲ. ಆದ್ರೆ ಈ ಎಂಜಿನ್ನಲ್ಲಿ ಬೆಲ್ಟ್ ಕಿತ್ತರೂ ವಾಲ್ವು ಪಿಸ್ಟನ್ನಿಗೆ ತಗಲಲ್ಲ. ಅದನ್ನ ನಾನೂ ಓದಿದ್ದೀನಿ.

ಚಿಕ್ಕಪ್ಪ: ಎಂಜಿನ್ ಉಳಿಯುತ್ತೆ, ನೀನು ರಾತ್ರಿ ಹೈವೇ ಪಕ್ಕದಲ್ಲಿ ನಿಲ್ತೀಯ. ದಾಖಲೆ ಇಲ್ಲದ್ದು ಆಗಿಲ್ಲ ಅಂತಲೇ ಲೆಕ್ಕ. ಬೆಲ್ಟು, ಅದರ ಜೊತೆಗೇ ವಾಟರ್ ಪಂಪು, ಸೀಲು, ಹೋಸ್ ಪೈಪು. ಬಿಚ್ಚಿದಾಗಲೇ ಎಲ್ಲ ಹಾಕಿಬಿಡು, ಕೂಲಿ ಒಂದೇ ಸಲ.

ಅವಳು: ಚಿಕ್ಕಪ್ಪ, ಈಗ ನನ್ನ ಮಾತು ಕೇಳಿ. ಇದರ ಶಕ್ತಿ 128 ಅಶ್ವಶಕ್ತಿ. ಇಲ್ಲಿ ಮಕ್ಕಳನ್ನ ಸ್ಕೂಲಿಗೆ ಬಿಡೋ ಟೊಯೋಟಾ ಸಿಯೆನ್ನಾ ವ್ಯಾನಿಗೇ 245 ಇದೆ. ಸಿಗ್ನಲ್ಲಲ್ಲಿ ಪಕ್ಕದಲ್ಲಿ ನಿಂತ ವ್ಯಾನು ನನ್ನನ್ನ ಹಿಂದೆ ಹಾಕಿ ಹೋಗುತ್ತೆ. ಸ್ಪೋರ್ಟ್ಸ್ ಕಾರು ಅಂತ ಕರೆಯೋಕೆ ನಾಚಿಕೆ ಆಗಲ್ವಾ?

ಚಿಕ್ಕಪ್ಪ: ಆ ವ್ಯಾನನ್ನ ಯಾರಾದ್ರೂ ಭಾನುವಾರ ಬೆಳಿಗ್ಗೆ ಕೆಲಸ ಇಲ್ಲದೆ ಓಡಿಸೋಕೆ ತೆಗೀತಾರಾ? ಇದರ ಚರಿತ್ರೆ ನಿನಗೇ ಚೆನ್ನಾಗಿ ಗೊತ್ತು, ಮೊನ್ನೆ ಹೇಳ್ತಿದ್ದೆಯಲ್ಲ.

ಅವಳು: ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತ 1979ರ ಸುಮಾರಿಗೆ ಮಾಜ್ಡಾದ ಕೆನಿಚಿ ಯಮಮೊಟೊ ಹತ್ರ, ಹಳೇ ಬ್ರಿಟಿಷ್ ರೋಡ್‌ಸ್ಟರ್ ಥರದ್ದು ಯಾಕೆ ಮಾಡಬಾರದು ಅಂತ ಕೇಳಿದ್ನಂತೆ. ಆಮೇಲೆ ಅವನನ್ನೇ ಕೆಲಸಕ್ಕೆ ತಗೊಂಡ್ರು. ತೊಶಿಹಿಕೊ ಹಿರಾಯಿ ಯೋಜನೆಯ ಮುಖ್ಯಸ್ಥ. 1960ರ ದಶಕದ ಲೋಟಸ್ ಎಲಾನ್ ಅವರ ಕಣ್ಣ ಮುಂದಿತ್ತು. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ತೋರಿಸಿದ್ರು. ಮೊದಲನೇ ಎಂಜಿನ್ 1.6 ಲೀಟರು, 116 ಅಶ್ವಶಕ್ತಿ. ನನ್ನದು 1.8. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ಮಾಡಿದ್ರು.

ಚಿಕ್ಕಪ್ಪ: ಅಷ್ಟು ಕಡಿಮೆ ಶಕ್ತಿಯ ಗಾಡಿ ಹತ್ತು ಲಕ್ಷ ಹೇಗೆ ಹೋಯ್ತು? ಜಾಕ್ ಮೇಲೆ ಎತ್ತಿದಾಗ ನಾನು ಕೆಳಗೆ ಮಲಗಿ ನೋಡಿದೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆತ ಹಿಂದಿನ ಚಕ್ರಕ್ಕೆ ಸಡಿಲ ಇಲ್ಲದೆ ಹೋಗಲಿ ಅಂತ. ಇಡೀ ಗಾಡಿ ಒಂದು ಟನ್ನಿಗೆ ಸ್ವಲ್ಪ ಮೇಲೆ. ಇಂಥದ್ದನ್ನ ಕಟ್ಟೋಕೆ ಗೊತ್ತಿದ್ದವರಿಗೆ ಇನ್ನಷ್ಟು ಶಕ್ತಿ ತುಂಬೋಕೆ ಗೊತ್ತಿರಲಿಲ್ವಾ? ಬೇಡ ಅಂತಲೇ ಬಿಟ್ಟರು.

ಅವಳು: ಹಾಗಂತ ಯಾರೂ ಮುಟ್ಟಲೇಬಾರದಾ?

ಚಿಕ್ಕಪ್ಪ: ಮುಟ್ಟು, ಆದ್ರೆ ಟರ್ಬೊ ಅನ್ನೋದು ಒಂದು ಸಾಮಾನು ಅಂದ್ಕೊಂಡಿದ್ದೀಯಲ್ಲ, ಅಲ್ಲೇ ಎಡವೋದು. ಅದು ಹಾಕಿದ ದಿನ ರೇಡಿಯೇಟರ್ ಸಾಲಲ್ಲ. ಪೆಟ್ರೋಲಿನ ಇಂಜೆಕ್ಟರ್ ಸಾಲಲ್ಲ, ಅದನ್ನ ನಡೆಸೋ ಕಂಪ್ಯೂಟರ್ ಬೇರೆ ಬೇಕು. ಕ್ಲಚ್ ಪ್ಲೇಟು ಜಾರೋಕೆ ಶುರು. ಗೇರ್‌ಬಾಕ್ಸು ಗುಂಯ್ ಅನ್ನುತ್ತೆ. ನಿನ್ನದು 1.8 ಆದ್ದರಿಂದ ಡಿಫರೆನ್ಷಿಯಲ್ಲಾದ್ರೂ ದೊಡ್ಡದು ಕೊಟ್ಟಿದ್ದಾರೆ. 1.6ರವರ ಚಿಕ್ಕ ಡಿಫರೆನ್ಷಿಯಲ್ಲು ಹಲ್ಲು ಉದುರಿಸಿಕೊಳ್ಳುತ್ತೆ. ಇಷ್ಟೆಲ್ಲ ಆದ ಮೇಲೆ ಜೋರಾಗಿ ಓಡೋ ಗಾಡಿಯನ್ನ ನಿಲ್ಲಿಸೋದು ಹೇಗೆ? ಇವೆಲ್ಲದರ ಬಿಲ್ಲು ಟರ್ಬೊ ಡಬ್ಬದ ಮೇಲೆ ಬರೆದಿರಲ್ಲ.

ಅವಳು: ಇನ್ನೊಂದು ನೀವು ಹೇಳಿಲ್ಲ, ನಾನೇ ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟು. ತೀರ ಹೊಸವನ್ನ ಬಿಟ್ರೆ 1976ರಿಂದ ಈಚಿನ ಪೆಟ್ರೋಲ್ ಕಾರುಗಳಿಗೆಲ್ಲ ಅದು ಉಂಟು. ಹೊಗೆ ಅಳೆಯೋದು ಮಾತ್ರ ಅಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡ್ತಾರೆ. ಏರ್ ಫಿಲ್ಟರ್ ಕೊಳವೆ ಬದಲಾಯಿಸಿದ್ರೂ ಅದರ ಮೇಲೆ ಇಲ್ಲಿನ ಏರ್ ರಿಸೋರ್ಸಸ್ ಬೋರ್ಡು ಒಪ್ಪಿದ ನಂಬರ್ ಇರಬೇಕು. ಇಲ್ಲದಿದ್ರೆ ಹೊಗೆ ಶುದ್ಧ ಇದ್ದರೂ ಫೇಲು.

ಚಿಕ್ಕಪ್ಪ: ಒಳ್ಳೇದೇ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇನ್ನೂ ಗಟ್ಟಿ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಆಗ ನಮ್ಮ ಗಲ್ಲಿಯಲ್ಲಿ ಎಷ್ಟೋ ಹುಡುಗರು ಸೈಲೆನ್ಸರ್ ಬಿಚ್ಚಿಸೋಕೆ ಬಂದರು, ಹಾಕಿಸಿದವರೇ. ಅದಿರಲಿ. ನಾನು ಹೇಳ್ತಿದ್ದೆ ಅಲ್ವಾ, ನಿಲ್ಲಿಸೋ ಮಾತು. ನೀನು ಯಾವ ಟ್ರ್ಯಾಕಿಗೆ ಹೋಗಬೇಕು ಅಂತಿರೋದು?

ಅವಳು: ಮೊದಲು ಥಂಡರ್‌ಹಿಲ್. ಆಮೇಲೆ ಮಾಂಟೆರೆ ಹತ್ತಿರದ ಲಗೂನಾ ಸೆಕಾ. ಅಲ್ಲಿ ‘ಕಾರ್ಕ್‌ಸ್ಕ್ರೂ’ ಅಂತ ಒಂದು ತಿರುವಿದೆ ಚಿಕ್ಕಪ್ಪ. ಏರು ಹತ್ತಿ ಬರ್ತೀರಿ, ಮುಂದೆ ಆಕಾಶ ಬಿಟ್ಟು ಏನೂ ಕಾಣಲ್ಲ, ರಸ್ತೆ ಎಡಕ್ಕೆ ಬಿದ್ದು ತಕ್ಷಣ ಬಲಕ್ಕೆ ಮುರಿಯುತ್ತೆ. ಸುಮಾರು 18 ಮೀಟರ್ ಇಳಿತ, ಕಣ್ಣು ಮಿಟುಕಿಸೋದರೊಳಗೆ.

ಚಿಕ್ಕಪ್ಪ: ಅಂದ್ರೆ ಬ್ರೇಕು ಹಾಕಬೇಕಾದ್ದು ತಿರುವು ಕಾಣೋಕೆ ಮುಂಚೆ. ಈಗ ಲೆಕ್ಕ ಹಾಕು, ನೀನೇ ಎಂಜಿನಿಯರು. ಗಾಡಿ, ನೀನು, ಪೆಟ್ರೋಲು ಸೇರಿ 1,150 ಕೆ.ಜಿ. ಗಂಟೆಗೆ 160 ಕಿಲೋಮೀಟರಿನಿಂದ 80ಕ್ಕೆ ಇಳಿಸಬೇಕು. ಎಷ್ಟು ಶಾಖ?

ಅವಳು: ಅರ್ಧ ಎಂ ವಿ ಸ್ಕ್ವೇರ್... ಸೆಕೆಂಡಿಗೆ 44 ಮೀಟರಿನಿಂದ 22ಕ್ಕೆ... ಎಂಟೂವರೆ ಲಕ್ಷ ಜೌಲ್ ಹತ್ತಿರ ಬರುತ್ತೆ.

ಚಿಕ್ಕಪ್ಪ: ಅದನ್ನ ನೀರಿಗೆ ಕೊಡು.

ಅವಳು: ತಣ್ಣೀರು ಎರಡೂವರೆ ಲೀಟರು ಕುದಿಯೋಷ್ಟು! ಒಂದೇ ಒಂದು ಬ್ರೇಕಿಗಾ?

ಚಿಕ್ಕಪ್ಪ: ಒಂದೇ ಬ್ರೇಕಿಗೆ. ನಾಲ್ಕು ಸೆಕೆಂಡಿನಲ್ಲಿ. ಒಂದು ಸುತ್ತಿಗೆ ಅಂಥ ಬ್ರೇಕು ನಾಲ್ಕೈದು ಸಲ, ಇಪ್ಪತ್ತು ನಿಮಿಷ ಬಿಡದೆ. ಆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲ್ಲಿಗೆ. ಈ ಡಬ್ಬಿಯ ಮುಚ್ಚಳ ತೆಗೆದೆ ನೋಡು. ಹೊಸ ಆಯಿಲ್ ಜೇನಿನ ಬಣ್ಣಕ್ಕಿರುತ್ತೆ. ಇದು ಡಿಕಾಕ್ಷನ್. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತೆ. ಡಾಟ್ 3 ಅನ್ನೋದು ಹೊಸದಾಗಿದ್ದಾಗ ಕಡಿಮೆ ಅಂದ್ರೂ 205 ಡಿಗ್ರಿಗೆ ಕುದಿಯಬೇಕು. ನೀರು ಹೀರಿದ ಮೇಲೆ ಅದಕ್ಕೆ ಇಟ್ಟಿರೋ ಮಿತಿ 140. ಡಾಟ್ 4 ಆದ್ರೆ 230, ನೀರು ಸೇರಿದ ಮೇಲೆ 155. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆ ಅದುಮಿಕೊಳ್ಳುತ್ತೆ, ಆಯಿಲ್ ಅದುಮಿಕೊಳ್ಳಲ್ಲ. ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಆಗ ನಿನ್ನ ಮುಂದೆ ಇರೋದು ಆ ಆಕಾಶ.

ಅವಳು: ಅದಕ್ಕೇ ತಾನೇ ದೊಡ್ಡ ಬ್ರೇಕು ಅಂತ ಬರೆದಿರೋದು?

ಚಿಕ್ಕಪ್ಪ: ದೊಡ್ಡ ಬ್ರೇಕಿನ ಒಳಗೂ ಇದೇ ಡಿಕಾಕ್ಷನ್ ಹರಿದ್ರೆ ಏನು ಬಂತು? ಎರಡು ಬಾಟ್ಲಿ ಒಳ್ಳೇ ಆಯಿಲ್, ಜೋರು ಬಿಸಿ ತಡೆಯೋ ಪ್ಯಾಡು, ಹಳೇ ರಬ್ಬರ್ ಹೋಸಿನ ಬದಲು ಹೊಸದು. 1994ರಲ್ಲಿ ಮಾಜ್ಡಾದವರೇ ಡಿಸ್ಕು ದೊಡ್ಡದು ಮಾಡಿದ್ದಾರೆ. ಈ ತೂಕಕ್ಕೆ, ಈ ಶಕ್ತಿಗೆ, ಕಲಿಯೋವಳಿಗೆ ಧಾರಾಳ ಆಯ್ತು. ಪ್ರೀಮಿಯರ್ ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ಮು ಇರ್ತಿತ್ತು, ಗೊತ್ತಾ? 1089 ಸಿ.ಸಿ. ಎಂಜಿನ್ನು. ಡಬಲ್ ಕಾರ್ಬೊರೇಟರ್ ಹಾಕ್ಸಿ, ಹೆಡ್ಡು ಕೆತ್ತಿಸಿ, ಶೋಲಾವರಂ ರೇಸಿಗೆ ಅಂತ ಒಯ್ಯೋರು. ಶೋಲಾವರಂ ವಿಮಾನದ ಪಟ್ಟಿ, ಅಗಲ, ತಪ್ಪಿದ್ರೂ ಹುಲ್ಲು. ಅದೇ ಗಾಡಿಯನ್ನ ಕೆ-1000 ರ‍್ಯಾಲಿಗೆ ತಂದಾಗ ಘಟ್ಟದ ಇಳಿಜಾರಿನಲ್ಲಿ ಡ್ರಮ್ಮಿನಿಂದ ಹೊಗೆ. ನಮ್ಮಲ್ಲಿಗೆ ಬರ್ತಿದ್ದವರಲ್ಲಿ ಬುದ್ಧಿವಂತರು ಯಾರು ಅಂದ್ರೆ ಮೊದಲು ಲೈನಿಂಗ್ ಕೇಳ್ತಿದ್ದವರು. ಮೆರವಣಿಗೆಯವರು ಕಾರ್ಬೊರೇಟರ್ ಕೇಳ್ತಿದ್ರು.

(ಜೆ.ಸಿ. ರಸ್ತೆಯ ಮೇಸ್ತ್ರಿಗಳ ಒಂದು ಗುಣ ಇದು: ಗಿರಾಕಿಯ ಸ್ವಭಾವವನ್ನು ಅವನು ಮೊದಲು ಕೇಳಿದ ಬಿಡಿಭಾಗದಿಂದ ಅಳೆದುಬಿಡುತ್ತಾರೆ. ಆ ಅಳತೆ ಸದಾ ಸರಿಯಿರಬೇಕೆಂದೇನೂ ಇಲ್ಲ.)

ಅವಳು: ನಾನು ಮೆರವಣಿಗೆಯವಳು ಅಂತೀರಾ?

ಚಿಕ್ಕಪ್ಪ: ಇನ್ನೂ ಆಗಿಲ್ಲ.

ಅವಳು: ನೋಡಿ ಚಿಕ್ಕಪ್ಪ, ನಿಮ್ಮ ಲೆಕ್ಕದಲ್ಲಿ ಒಂದು ತೊಡಕಿದೆ. ನೀವು ರೇಸಿನವರ ಕಣ್ಣಲ್ಲಿ ನೋಡ್ತೀರಿ: ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಕೊನೆಗೆ ಓಡಬೇಕು. ನಾನು ವರ್ಷಕ್ಕೆ ಮೂರೋ ನಾಲ್ಕೋ ಸಲ ಟ್ರ್ಯಾಕಿಗೆ ಹೋಗಬಹುದು. ಉಳಿದ ದಿನ ಇದು ಸ್ಕೈಲೈನ್ ಬುಲೆವಾರ್ಡಿನಲ್ಲಿ ರೆಡ್‌ವುಡ್ ಮರಗಳ ನಡುವೆ, ಮೇಲ್ಛಾವಣಿ ಬಿಚ್ಚಿಕೊಂಡು, ನಲವತ್ತು ಮೈಲಿ ವೇಗದಲ್ಲಿ ಹೋಗೋ ಕಾರು. ಅಲ್ಲಿ ನನಗೆ ಒಳ್ಳೇ ಸದ್ದು ಬೇಕು. ಎಂಜಿನ್ ಮಾತಾಡಬೇಕು. ಈಗಿರೋ ಸೈಲೆನ್ಸರ್ ಗೊಣಗುತ್ತೆ. ಸಂತೋಷಕ್ಕೆ ಅಂತ ಕೊಂಡ ಕಾರಲ್ಲಿ ಸಂತೋಷ ಕೊಡೋದು ಪಟ್ಟಿಯ ಕೊನೇಲಿ ಯಾಕಿರಬೇಕು?

ಚಿಕ್ಕಪ್ಪ: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿಜ. ಹಾಕ್ಸು.

ಅವಳು: ಏನು, ಇಷ್ಟು ಬೇಗ ಒಪ್ಪಿಬಿಟ್ರಿ?

ಚಿಕ್ಕಪ್ಪ: ಸದ್ದು ಬೇಕು ಅಂತ ಹಾಕ್ಸೋ ಸೈಲೆನ್ಸರ್ ಬಗ್ಗೆ ತಕರಾರಿಲ್ಲ. ಹತ್ತು ಅಶ್ವಶಕ್ತಿ ಜಾಸ್ತಿ ಆಗುತ್ತೆ ಅಂತ ಹಾಕ್ಸೋದು ಸುಳ್ಳು. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಪೈಪು ಮಾತ್ರ ಮುಟ್ಟು, ಅದರ ಮುಂದಕ್ಕೆ ಬೇಡ. ಆಗ ಸ್ಮಾಗ್ ಟೆಸ್ಟಿನವನೂ ಸುಮ್ಮನಿರ್ತಾನೆ. ಅದರಲ್ಲೂ ಆ ಡೋಲಿನ ಥರ ಬಡಿಯೋದು ಬೇಡ.

ಅವಳು: ಬೇಡ ಅಂತ ನಾನೂ ಗೊತ್ತು ಮಾಡ್ಕೊಂಡಿದ್ದೀನಿ. ರಸ್ತೆಯಲ್ಲಿ 95 ಡೆಸಿಬೆಲ್ ಮಿತಿ. ಲಗೂನಾ ಸೆಕಾದಲ್ಲಂತೂ ಪಕ್ಕದಲ್ಲಿ ಮನೆಗಳಿವೆ ಅಂತ ಶಬ್ದ ಅಳೆಯೋ ಯಂತ್ರವನ್ನೇ ಇಟ್ಟಿದ್ದಾರೆ. ಮಿತಿ ಮೀರಿದ್ರೆ ಕಪ್ಪು ಬಾವುಟ ತೋರಿಸಿ ಹೊರಗೆ ಕರೀತಾರೆ. ದುಡ್ಡು ಕಟ್ಟಿ ಹೋದ ದಿನ ಪೂರ್ತಿ ಹಾಳು.

ಚಿಕ್ಕಪ್ಪ: ಸರಿ ಹಾಗಾದ್ರೆ. ಈಗ ಸಸ್ಪೆನ್ಷನ್ನಿಗೆ ಬಾ. ಆ ಕಾಯಿಲ್‌ಓವರ್ ಯಾಕೆ ಬೇಕು ನಿನಗೆ?

ಅವಳು: ತಿರುವಿನಲ್ಲಿ ತುಂಬಾ ವಾಲುತ್ತೆ. ಗುಂಡಿ ಬಂದ್ರೆ ಕುಣಿಯುತ್ತೆ. ಮತ್ತೆ... ಸ್ವಲ್ಪ ಕೆಳಗೆ ಕೂತ್ರೆ ಚೆನ್ನಾಗಿರುತ್ತೆ.

ಚಿಕ್ಕಪ್ಪ: ಮೂರನೇದೇ ನಿಜವಾದ ಕಾರಣ. ಇರಲಿ. ಚಕ್ರದ ಒಳಗೆ ಟಾರ್ಚ್ ಬಿಡು. ಶಾಕ್ ಅಬ್ಸಾರ್ಬರ್ ರಾಡಿನ ಮೇಲೆ ಹಳದಿ ಸ್ಪಂಜಿನಂಥ ಗುಬುಟು ಇರಬೇಕಿತ್ತು. ಇದೆಯಾ?

ಅವಳು: ಚೂರುಪಾರು ಇದೆ. ಮುಟ್ಟಿದ್ರೆ ಪುಡಿ ಉದುರುತ್ತೆ.

ಚಿಕ್ಕಪ್ಪ: ಅದು ಬಂಪ್ ಸ್ಟಾಪು. ಸಸ್ಪೆನ್ಷನ್ ಪೂರ್ತಿ ಕುಸಿದಾಗ ಲೋಹಕ್ಕೆ ಲೋಹ ಬಡಿಯದ ಹಾಗೆ ಮೆತ್ತಗೆ ತಡೆಯೋದು. ಈ ಗಾಡಿಯಲ್ಲಿ ಸಸ್ಪೆನ್ಷನ್ ಕುಸಿಯೋಕೆ ಜಾಗವೇ ಕಮ್ಮಿ. ಅದರಲ್ಲಿ ಎರಡು ಇಂಚು ಕೆಳಗಿಳಿಸಿದೆ ಅಂತಿಟ್ಕೋ. ತಿರುವಿನ ಮಧ್ಯೆ ಒಂದು ಉಬ್ಬು ಬಂದ್ರೆ ಸ್ಪ್ರಿಂಗು ಇದ್ದೂ ಇಲ್ಲದ ಹಾಗಾಗಿ ಆ ಚಕ್ರ ನೇರವಾಗಿ ಬಾಡಿಗೇ ಗುದ್ದುತ್ತೆ. ಗುದ್ದಿದ ಕ್ಷಣ ಟೈರು ಹಿಡಿತ ಬಿಡುತ್ತೆ, ಹಿಂಭಾಗ ಹೊರಕ್ಕೆ ಜಾರುತ್ತೆ. ಕೆಳಗಿಳಿಸಿದ ಗಾಡಿ ನಿಂತಾಗ ಸ್ಪೋರ್ಟ್ಸ್ ಕಾರು, ಓಡುವಾಗ ಎತ್ತಿನಗಾಡಿ. ಸೋವಿ ಕಾಯಿಲ್‌ಓವರಿಗಿಂತ ಕಾರ್ಖಾನೆಯ ಹೊಸ ಶಾಕ್ ಅಬ್ಸಾರ್ಬರೇ ಮೇಲು.

ಅವಳು: 1994ರಲ್ಲಿ ‘ಆರ್ ಪ್ಯಾಕೇಜ್’ ಅಂತ ಒಂದನ್ನ ಮಾಜ್ಡಾದವರೇ ಮಾರ್ತಿದ್ರು. ಬಿಲ್‌ಸ್ಟೀನ್ ಶಾಕು, ಗಟ್ಟಿ ಸ್ಪ್ರಿಂಗು, ಟಾರ್ಸೆನ್ ಡಿಫರೆನ್ಷಿಯಲ್ಲು. ಪವರ್ ಸ್ಟಿಯರಿಂಗ್ ತೆಗೆದಿದ್ರು.

ಚಿಕ್ಕಪ್ಪ: ಅವರು ಅದರಲ್ಲಿ ಎಂಜಿನ್ ಮುಟ್ಟಿದ್ರಾ?

ಅವಳು: ಇಲ್ಲ. ಅದೇ 128.

ಚಿಕ್ಕಪ್ಪ: ನೋಡು ಮತ್ತೆ. ನಿನಗೆ ಆ ದಾರಿ ಸಾಕು. ಒಳ್ಳೇ ಶಾಕ್ ಅಬ್ಸಾರ್ಬರು, ಹೊಸ ಬಂಪ್ ಸ್ಟಾಪು, ಹೊಸ ಬುಷ್ಷು. ಆದ್ರೆ ಈಗಲೇ ಅಲ್ಲ. ಟೈರು ಮೊದಲು.

ಅವಳು: ಅದನ್ನೂ ಇದನ್ನೂ ಒಟ್ಟಿಗೆ ಹಾಕ್ಸಿದ್ರೆ ಏನು ಹೋಯ್ತು? ಗಾಡಿ ಹೇಗೂ ಜಾಕ್ ಮೇಲಿರುತ್ತೆ. ಬೆಲ್ಟಿಗೆ ನೀವೇ ಹೇಳಿದ್ರಲ್ಲ, ಕೂಲಿ ಒಂದೇ ಸಲ ಅಂತ.

ಚಿಕ್ಕಪ್ಪ: ಬೆಲ್ಟು, ಪಂಪು ಹಾಕೋದು ಗಾಡಿಯನ್ನ ಮೊದಲಿದ್ದ ಹಾಗೆ ಮಾಡೋಕೆ. ಅಲ್ಲಿ ಕಲಿಯೋದೇನಿಲ್ಲ, ಎಲ್ಲ ಒಟ್ಟಿಗೆ ಹಾಕು. ಗುಣ ಬದಲಾಯಿಸೋ ಸಾಮಾನು ಬೇರೆ. ಟೈರು, ಸ್ಪ್ರಿಂಗು, ಆಂಟಿ-ರೋಲ್ ಬಾರು, ಅಲೈನ್‌ಮೆಂಟು, ನಾಲ್ಕನ್ನೂ ಒಂದೇ ಶನಿವಾರ ಬದಲಾಯಿಸಿದೆ. ಭಾನುವಾರ ತಿರುವಿನಲ್ಲಿ ಹಿಂಭಾಗ ಜಾರ್ತು. ಯಾವುದರಿಂದ ಜಾರ್ತು? ಬಾರು ಗಟ್ಟಿಯಾಯ್ತಾ? ಹಿಂದಿನ ಚಕ್ರದ ಟೋ ತಪ್ಪಿದೆಯಾ? ಟೈರಿನಲ್ಲಿ ಗಾಳಿ ಜಾಸ್ತಿಯಾ? ಗೊತ್ತಾಗಲ್ಲ. ಇನ್ನೊಂದು ಸಾಮಾನು ಕೊಂಡು ಸರಿ ಮಾಡೋಕೆ ಹೋಗ್ತೀಯ. ಬರೀ ಟೈರು ಹಾಕಿ ಒಂದು ತಿಂಗಳು ಓಡಿಸಿದ್ರೆ ಗಾಡಿ ತಾನೇ ಹೇಳುತ್ತೆ. ಒಳ್ಳೇ ಟೈರು ಹಿಡಿತ ಜಾಸ್ತಿ ಕೊಡುತ್ತೆ, ಆಗ ವಾಲಾಟ ಇನ್ನೂ ಹೆಚ್ಚು ಕಾಣುತ್ತೆ. ಆಗ ಶಾಕ್ ಅಬ್ಸಾರ್ಬರ್ ಕೇಳು. ಎರಡನೇ ಸಾಮಾನು ಯಾವುದು ಅಂತ ಮೊದಲನೇದು ಹಾಕಿ ಓಡಿಸಿದ ಮೇಲೆ ಗೊತ್ತಾಗೋದು. ನೀನು ಕೂತಲ್ಲೇ ಆರೂ ಬರೆದುಬಿಟ್ಟಿದ್ದೀಯ.

ಅವಳು: ಈ ಮಾತು ಒಪ್ತೀನಿ. ಬಕೆಟ್ ಸೀಟು? ಅದಕ್ಕೆ ಏನು ಕುಂದು ಹುಡುಕ್ತೀರಿ ನೋಡೋಣ.

ಚಿಕ್ಕಪ್ಪ: ಸೀಟಿಗೆ ಕುಂದು ಹುಡುಕಲ್ಲ. ನಿನಗೆ ಕ್ಲಚ್ ಪೂರ್ತಿ ಒತ್ತೋಕೆ ಸೊಂಟ ಸರಿಸಬೇಕು, ಮೊನ್ನೆ ಪಕ್ಕದಲ್ಲಿ ಕೂತು ನೋಡಿದೆ. ತಿರುವಿನಲ್ಲಿ ಮೊಣಕಾಲನ್ನ ಬಾಗಿಲಿಗೆ ಒತ್ತಿ ಹಿಡೀತೀಯ. ಸ್ಟಿಯರಿಂಗ್ ಹಿಡಿಯೋ ಕೈಯೇ ಮೈಯನ್ನೂ ಹಿಡಿದು ನಿಲ್ಲಿಸ್ತಿದ್ರೆ ಚಕ್ರ ಏನು ಹೇಳ್ತಿದೆ ಅಂತ ಆ ಕೈಗೆ ತಿಳಿಯೋದು ಹೇಗೆ? ಮೈಯನ್ನ ಸರಿಯಾಗಿ ಹಿಡಿಯೋ ಸೀಟು ಟರ್ಬೊಗಿಂತ ಜಾಸ್ತಿ ನಿನ್ನ ವೇಗ ಹೆಚ್ಚಿಸುತ್ತೆ. ಆದ್ರೆ ಆ ನಾಲ್ಕು ಪಟ್ಟಿಯ ಬೆಲ್ಟನ್ನ ಜೊತೆಗೆ ತರಿಸಬೇಡ.

ಅವಳು: ಹಾರ್ನೆಸ್ಸಾ? ಅದು ಸುರಕ್ಷತೆಗೆ ಅಲ್ವಾ?

ಚಿಕ್ಕಪ್ಪ: ರೋಲ್ ಬಾರ್ ಇಲ್ಲದ ತೆರೆದ ಗಾಡಿಯಲ್ಲಿ ಅದು ಉಲ್ಟಾ. ಗಾಡಿ ಮಗುಚಿದ್ರೆ ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ಬಾಗುತ್ತೆ. ಹಾರ್ನೆಸ್ಸು ನಿನ್ನನ್ನ ನೆಟ್ಟಗೆ ಕೂರಿಸಿ ಬಿಗಿಯುತ್ತೆ, ತಲೆ ಮೇಲೆ ಬಟ್ಟೆ ಬಿಟ್ಟು ಏನೂ ಇಲ್ಲ. ಟ್ರ್ಯಾಕಿಗೆ ಹೋಗೋ ಮುಂಚೆ ರೋಲ್ ಬಾರ್. ನಿನ್ನ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ.

ಅವಳು: ಓಪನ್ ಕಾರುಗಳಿಗೆ ರೋಲ್ ಬಾರ್ ಬೇಕೇ ಬೇಕು ಅಂತ ಬಹಳ ಕಡೆ ನಿಯಮವೇ ಇದೆ. ಹೆಲ್ಮೆಟ್ ಹಾಕಿ ಕೂತ ಮೇಲೆ ಬಾರಿನಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ಕೋಲು ಇಟ್ಟು ನೋಡ್ತಾರೆ, ತಲೆ ಅದರ ಕೆಳಗಿರಬೇಕು. ನಾನು ಕುಳ್ಳಿ, ಪಾಸಾಗ್ತೀನಿ.

ಚಿಕ್ಕಪ್ಪ: ಅದಕ್ಕೆ ಒಳ್ಳೇ ಪ್ಯಾಡಿಂಗ್ ಸುತ್ತಿಸು. ರಸ್ತೆಯಲ್ಲಿ ಓಡಿಸೋವಾಗ ಹೆಲ್ಮೆಟ್ ಇರಲ್ಲ, ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ತಲೆ ಹೋಗಿ ಆ ಕಬ್ಬಿಣಕ್ಕೇ ಬಡಿಯುತ್ತೆ. ಸ್ಟಿಯರಿಂಗ್ ಮಾತ್ರ ಬದಲಾಯಿಸಬೇಡ, ಅದರೊಳಗೆ ಏರ್‌ಬ್ಯಾಗ್ ಇದೆ.

ಅವಳು: ಹಾಗಾದ್ರೆ ಈಗ ನನ್ನ ಐದು ಸಾವಿರ ಎಲ್ಲಿಗೆ ಬಂತು? ರೇಡಿಯೇಟರ್, ಬೆಲ್ಟು, ಪಂಪು. ಬ್ರೇಕ್ ಆಯಿಲ್, ಪ್ಯಾಡು. ಟೈರು. ರೋಲ್ ಬಾರ್. ಸೀಟು. ಸೈಲೆನ್ಸರ್ ಅಂತೂ ಬಿಡಲ್ಲ. ದುಡ್ಡು ಉಳಿದ್ರೆ ಶಾಕ್ ಅಬ್ಸಾರ್ಬರ್, ಇಲ್ಲಾಂದ್ರೆ ಮುಂದಿನ ವರ್ಷ.

ಚಿಕ್ಕಪ್ಪ: ಅದರಲ್ಲಿ ನಾನೂರು ಐನೂರು ಡಾಲರ್ ಟ್ರ್ಯಾಕಿನಲ್ಲಿ ಕಲಿಸೋರಿಗೆ ತೆಗೆದಿಡು. ಹೊಸಬರ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ತಾರೆ ಅಂದೆಯಲ್ಲ. ಅವರು ‘ಇನ್ನೂ ಬ್ರೇಕ್ ಬೇಡ, ಇನ್ನೂ ಬೇಡ, ಈಗ’ ಅಂತ ಒಂದು ದಿನ ಹೇಳಿಕೊಟ್ರೆ, ಡಬ್ಬದಲ್ಲಿ ಬರೋ ಯಾವ ಸಾಮಾನಿಗಿಂತ ಜಾಸ್ತಿ ಸೆಕೆಂಡು ಉಳಿಯುತ್ತೆ. ಇನ್ನೊಂದು, ಬಿಚ್ಚಿದ ಮೂಲ ಸಾಮಾನು ಒಂದನ್ನೂ ಎಸೀಬೇಡ. ನಾಳೆ ಮಾರೋವಾಗ, ಹಾಕ್ಸಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ. ಬಿಚ್ಚಿಟ್ಟದ್ದಕ್ಕೆ ಕೊಡ್ತಾರೆ.

ಅವಳು: ಹಾಗಿದ್ರೆ ಎಲ್ಲ ಹಾಕ್ಸಿರೋ ಕಾರನ್ನೇ ಕೊಂಡಿದ್ರೆ ಅಗ್ಗ ಆಗ್ತಿತ್ತು!

ಚಿಕ್ಕಪ್ಪ: ಅರ್ಧ ದುಡ್ಡಿಗೆ ಆಗ್ತಿತ್ತು. ಆದ್ರೆ ಅದು ಅವನಿಗೆ ಬೇಕಾದ ಕಾರು. ಅವನ ವೈರಿಂಗ್ ಬಿಡಿಸೋಕೆ ಉಳಿದರ್ಧ ಹೋಗ್ತಿತ್ತು.

ಅವಳು: ಅಲೈನ್‌ಮೆಂಟು ಯಾವಾಗ ಮಾಡಿಸಲಿ? ಟೈರು ಹಾಕಿದ ದಿನವೇ ತಾನೇ?

ಚಿಕ್ಕಪ್ಪ: ಅದೇ ದಿನ. ಈ ಗಾಡಿಯಲ್ಲಿ ಅದು ಭಾಗ್ಯ, ನಾಲ್ಕೂ ಚಕ್ರಕ್ಕೂ ಕ್ಯಾಂಬರ್, ಟೋ ಎರಡನ್ನೂ ತಿರುಗಿಸೋ ಬೋಲ್ಟು ಕೊಟ್ಟಿದ್ದಾರೆ. ಹೊಸ ಸಾಮಾನು ಏನೂ ಬೇಡ. ಕ್ಯಾಂಬರ್ ಒಂದೂವರೆ ಡಿಗ್ರಿ ಒಳಕ್ಕೆ ಹಿಡಿಸು ಅಂತ ಹೇಳು, ತಿರುವಿನಲ್ಲಿ ವಾಲಿದಾಗ ಹೊರಗಿನ ಟೈರು ರಸ್ತೆಗೆ ಚಪ್ಪಟೆಯಾಗಿ ಕೂರುತ್ತೆ. ಎಡ ಬಲ ಒಂದೇ ಇರಲಿ. ಬೋಲ್ಟು ತುಕ್ಕು ಹಿಡಿದು ಕಚ್ಚಿರುತ್ತೆ, ಎರಡು ದಿನ ಮುಂಚೆಯಿಂದ ಎಣ್ಣೆ ಬಿಡ್ತಾ ಇರು. ಮುಖ್ಯ ವಿಷಯ, ಅಳೆಯೋವಾಗ ನಿನ್ನ ತೂಕ ಡ್ರೈವರ್ ಸೀಟಿನಲ್ಲಿರಬೇಕು. ಇಷ್ಟು ಹಗುರ ಗಾಡಿಯಲ್ಲಿ ಒಬ್ಬರು ಹತ್ತಿದ್ರೂ ಆ ಮೂಲೆ ಕುಸಿದು ಅಳತೆ ಬದಲಾಗುತ್ತೆ.

ಅವಳು: ಅಂಗಡಿಯವರು ಒಳಗೆ ಕೂರೋಕೆ ಬಿಡಲ್ಲ ಚಿಕ್ಕಪ್ಪ. ಇನ್ಶೂರೆನ್ಸ್ ಅಂತಾರೆ.

ಚಿಕ್ಕಪ್ಪ: ಎಷ್ಟಿದ್ದೀಯ ನೀನು?

ಅವಳು: ನೂರಾ ಇಪ್ಪತ್ತು ಪೌಂಡು.

ಚಿಕ್ಕಪ್ಪ: ಇಂಡಿಯನ್ ಸ್ಟೋರಿನಲ್ಲಿ ಸೋನಾ ಮಸೂರಿ ಇಪ್ಪತ್ತು ಪೌಂಡಿನ ಚೀಲ ಬರುತ್ತಲ್ಲ. ಆರು ಚೀಲ ತಗೊಂಡು ಹೋಗು. ನಾಲ್ಕು ಸೀಟಿನ ಮೇಲೆ, ಎರಡು ಕೆಳಗೆ ಪೆಡಲ್ ಹತ್ರ.

ಅವಳು: ಆಮೇಲೆ ಅಷ್ಟು ಅಕ್ಕಿ ಏನು ಮಾಡೋದು?

ಚಿಕ್ಕಪ್ಪ: ಎರಡು ಚೀಲ ನಮ್ಮನೆಗೆ ಕೊಡು. ಬಿಲ್ಲು ಮಾತ್ರ ಕಾರಿನ ಫೈಲಿಗೆ ಸೇರಿಸು.